ಹಳೆ ಗೋವಾದಿಂದ ಹೊಳೆಯಾಚೆಯ ನಾರ್ವೆಗೆ: ಬೋಟಿಗೆ ದುಡ್ಡು ಕಟ್ಟುವ ಮೊದಲು

ದೀಪಾವಳಿ ರಜೆಯಲ್ಲಿ ಧಾರವಾಡದಿಂದ ಅಣ್ಣ, ವೈನಿ ಮತ್ತು ಅವರ ಇಬ್ಬರು ಮಕ್ಕಳು ವಾಸ್ಕೋದ ನಮ್ಮ ಮನೆಗೆ ಬಂದಿದ್ದರು. ಬೀಚಿನ ಗದ್ದಲ ಬೇಡ, ಹೊಳೆ ತೋರಿಸು ಎಂದು ವೈನಿ ಕೇಳಿದ್ದರಿಂದ ಹಳೆ ಗೋವಾದ ಕಡೆಗೆ ಹೋಗುವುದೆಂದಾಯಿತು. ಖಾನಾಪುರದ ಕಾಡಿನಲ್ಲಿ ಹುಟ್ಟುವ ನಮ್ಮ ಮಹದಾಯಿಯೇ ಇಲ್ಲಿ ಮಾಂಡವಿ. ಹಳೆ ಗೋವಾದ ಪಕ್ಕದಲ್ಲಿ ಅದರಿಂದ ಕವಲೊಡೆಯುವ ಕುಂಭಾರಜುವೆ ಕಾಲುವೆ ಸುಮಾರು 17 ಕಿ.ಮೀ. ಸಾಗಿ ಜುವಾರಿಯನ್ನು ಸೇರುತ್ತದೆ.

ಆ ಕಾಲುವೆಯಲ್ಲಿ ಮೊಸಳೆಗಳಿವೆ. ಅವನ್ನು ತೋರಿಸುತ್ತೇನೆಂದು ಪಣಜಿಯ ದಡದಲ್ಲಿ ಒಬ್ಬ ಏಜೆಂಟ್ ತಲೆಗೆ 900 ರೂಪಾಯಿಯಂತೆ ಆರು ಜನರಿಗೆ 5,400 ಪಡೆದ. ಬೋಟು ಕಾಲುವೆಯ ಬಾಯಿಯವರೆಗೂ ಹೋಗಲಿಲ್ಲ. ಇಳಿತವಿದೆ, ನೀರು ಸಾಲದು ಎಂದು ಚಾಲಕ ಅರ್ಧ ದಾರಿಯಲ್ಲೇ ತಿರುಗಿಸಿದ. ಮಳೆಗಾಲದಲ್ಲಿ ಮಾಂಡವಿ ಸಮುದ್ರ ಸೇರುವ ಅಗ್ವಾದ ಅಳಿವೆ ಬಾರ್ಜ್‌ಗಳಿಗೆ ಮುಚ್ಚಿದಾಗ ಅದಿರು ತುಂಬಿದ ಬಾರ್ಜ್‌ಗಳು ಇದೇ ಕಾಲುವೆಯ ಮೂಲಕ ಮುರಗಾಂವ್ ಬಂದರಿಗೆ ಬರುವುದನ್ನು ವಾಸ್ಕೋದವರಾದ ನಾವು ಬಲ್ಲೆವು. ಹಾಗಿರುವಾಗ ಹತ್ತಾಳಿನ ಬೋಟಿಗೆ ನೀರು ಸಾಲದೆಂಬ ಮಾತನ್ನು ಹೇಗೆ ನಂಬುವುದು? ರಸೀದಿಯಲ್ಲಿ ಮೊತ್ತ ಬಿಟ್ಟರೆ ಏನೂ ಬರೆದಿರಲಿಲ್ಲವಾದ್ದರಿಂದ ಒಂದು ರೂಪಾಯಿಯೂ ಮರಳಲಿಲ್ಲ. ನೀವು ಹೋಗುವುದಾದರೆ ಕಾಲುವೆಯ ಹೆಸರನ್ನೂ ಇಷ್ಟು ಹೊತ್ತು ಎಂಬುದನ್ನೂ ರಸೀದಿಯಲ್ಲಿ ಬರೆಸಿಕೊಂಡೇ ಹಣ ಕೊಡಿ. ಮಕ್ಕಳು ಮೊಸಳೆಗಾಗಿ ದಾರಿಯುದ್ದಕ್ಕೂ ನೀರನ್ನೇ ದಿಟ್ಟಿಸುತ್ತಿದ್ದರು. ನನಗೆ ಹಣಕ್ಕಿಂತ ಅದೇ ಹೆಚ್ಚು ನೋವಾಯಿತು.

ಎರಡು ದಿನ ಬಿಟ್ಟು ಹಳೆ ಗೋವಾದಿಂದ ಹೊಳೆಯಾಚೆಯ ನಾರ್ವೆ ಎಂಬ ಹಳ್ಳಿಗೆ ಸರ್ಕಾರಿ ಫೆರಿಯಲ್ಲಿ ಹೋದೆವು. ಪಣಜಿಯಲ್ಲಿ ಎರಡು ಸ್ಕೂಟರ್ ಬಾಡಿಗೆಗೆ ಹಿಡಿದೆವು. ಕಪ್ಪು ಫಲಕದ ಮೇಲೆ ಹಳದಿ ಅಕ್ಷರವಿರುವ ಗಾಡಿಯನ್ನೇ ಕೇಳಿ ಪಡೆಯಿರಿ. ಬಿಳಿ ಫಲಕದ ಖಾಸಗಿ ಗಾಡಿಯನ್ನು ಬಾಡಿಗೆಗೆ ಪಡೆದರೆ ಪೊಲೀಸರ ಮುಂದೆ ನಿಲ್ಲಬೇಕಾದೀತು. ಡಿಸೆಂಬರ್ 3ರ ಆಸುಪಾಸಿನಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರ್ ಹಬ್ಬದ ಜನಜಂಗುಳಿ ಇರುವುದರಿಂದ ಆ ದಿನಗಳನ್ನು ತಪ್ಪಿಸಿ.

ಫೆರಿ ಹತ್ತುವ ಮೊದಲು ಹಳೆ ಗೋವಾದಲ್ಲಿ ತಿಂಡಿ ತಿನ್ನಿ. ಧಕ್ಕೆಗೆ ಹೋಗುವ ರಸ್ತೆಯ ಸಮೀಪದ ತಗಡಿನ ಸೂರಿನ, ನಾಲ್ಕೇ ಮೇಜುಗಳ ಹೋಟೆಲಿನಲ್ಲಿ ನವಲಗುಂದ ಕಡೆಯ ಹೆಣ್ಣುಮಗಳೊಬ್ಬರು ಬನ್ಸ್ ಕರಿಯುತ್ತಿದ್ದರು. ನಮ್ಮ ಮಾತು ಕಿವಿಗೆ ಬಿದ್ದದ್ದೇ ತಡ, "ಬರ್ರಿ ಅಕ್ಕಾರ, ಬಿಸಿ ಅದಾವು, ಕುಂದರ್ರಿ" ಎಂದು ಬೆಂಚು ಒರೆಸಿಕೊಟ್ಟರು. ಹಣ್ಣಾದ ಬಾಳೆ ಕಲಸಿದ ಹಿಟ್ಟು ಎಣ್ಣೆಗೆ ಬಿದ್ದೊಡನೆ ಉಬ್ಬಿ ಚೆಂಡಾಗುತ್ತಿತ್ತು; ಮುರಿದರೆ ಒಳಗಿಂದ ಜೀರಿಗೆಯ ಘಮ. ಜೊತೆಗೆ ಹುರಿದ ಕೊಬ್ಬರಿಯ ಮಸಾಲೆ ಹಾಕಿದ ಅಲಸಂದೆ ಭಾಜಿ, ಮೇಲೊಂದು ಕರಿದ ಮೆಣಸಿನಕಾಯಿ. ಭಾಜಿಯನ್ನು ಮತ್ತೆ ಮತ್ತೆ ಬಡಿಸಿದರೂ ಅದಕ್ಕೆ ಬೇರೆ ಹಣ ಹಿಡಿಯಲಿಲ್ಲ. ಆರು ಜನರ ಹೊಟ್ಟೆ ತುಂಬಿ, ಚಹಾ ಸೇರಿ 310 ರೂಪಾಯಿ! ಹತ್ತು ಗಂಟೆಯ ಮೇಲೆ ಬನ್ಸ್ ಉಳಿಯುವುದಿಲ್ಲವಂತೆ, ಬೇಗ ಹೋಗಿ.

1599ರ ವೈಸ್‌ರಾಯ್ ಕಮಾನಿನ ಕೆಳಗೆ ಹಾದರೆ ಫೆರಿ ಧಕ್ಕೆ ಸಿಗುತ್ತದೆ. ನಡೆದು ಹತ್ತುವವರಿಂದ ಹಣ ಕೇಳುವುದಿಲ್ಲ. ಆಚೆ ದಡವೇ ದಿವಾಡಿ, ನಕಾಶೆಯಲ್ಲಿ ದಿವಾರ್. ಗೋವಾ ಕದಂಬರು ತಮ್ಮ ಬಿರುದಿನಲ್ಲೇ ಹೆಸರಿಸಿದ ಸಪ್ತಕೋಟೀಶ್ವರನ ಗುಡಿ ಈ ದ್ವೀಪದಲ್ಲಿತ್ತು. 16ನೇ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಕೆಡವಿದ ಮೇಲೆ ಲಿಂಗವನ್ನು ಹೊಳೆ ದಾಟಿಸಿ ನಾರ್ವೆಗೆ ಒಯ್ದರು. ಅಲ್ಲಿಯ ಗುಡಿಯನ್ನು 1668ರಲ್ಲಿ ಶಿವಾಜಿ ಮಹಾರಾಜರು ಜೀರ್ಣೋದ್ಧಾರ ಮಾಡಿಸಿದರು. ದ್ವೀಪದ ಇನ್ನೊಂದು ತುದಿಯಿಂದ ನಾರ್ವೆಗೆ ಫೆರಿಯಿದೆ. ದೇವರು ದಾಟಿದ ಹೊಳೆಯನ್ನೇ ನಾವೂ ದಾಟುತ್ತಿದ್ದೇವೆಂದು ತಿಳಿದಾಗ ವೈನಿ ಚಪ್ಪಲಿ ಕಳಚಿ ಕೈಮುಗಿದು ನಿಂತರು. ಕದಂಬ ಎಂಬ ಹೆಸರನ್ನು ಇಲ್ಲಿಯ ಸರ್ಕಾರಿ ಬಸ್ಸಿನ ಮೇಲೆ ದಿನವೂ ಓದುವ ನಮ್ಮವರಲ್ಲಿ ಎಷ್ಟೋ ಜನ ಈ ಗುಡಿಯನ್ನು ಕಂಡಿಲ್ಲ. ದಯವಿಟ್ಟು ಒಮ್ಮೆ ಹೋಗಿ ಬನ್ನಿ.

ದ್ವೀಪದಲ್ಲಿ ರಿಕ್ಷಾ ಸಿಗುವ ಭರವಸೆಯಿಲ್ಲ, ನೀರು ಜೊತೆಗಿರಲಿ. ನಾರ್ವೆಯಲ್ಲಿ ಇಳಿಯುವಾಗಲೇ ಮರಳುವ ಫೆರಿಯ ಸಮಯವನ್ನು ಕೇಳಿಕೊಳ್ಳಿ; ಕೇಳದೆ ಗುಡಿಗೆ ಹೋದ ನಾವು ಸಂಜೆ ಮುಕ್ಕಾಲು ಗಂಟೆ ಧಕ್ಕೆಯಲ್ಲೇ ಕಾಯಬೇಕಾಯಿತು.