ತಗಡಿನ ಕೆಳಗೆ ಎಂಟು ತಿಂಗಳ ಬಸುರಿ

ನಮ್ಮ ಕಲಬುರಗಿ ಕಡೆ ಏಪ್ರಿಲ್ ಮೇ ಬಂತಂದ್ರೆ ಸರ್ಕಾರಿ ಆಫೀಸೇ ಬೆಳಗ್ಗೆ 8ಕ್ಕೆ ಶುರುವಾಗಿ ಮಧ್ಯಾಹ್ನ 1.30ಕ್ಕೆ ಮುಗಿಯುತ್ತೆ, ಬಿಸಿಲು ಹಂಗಿರುತ್ತೆ. ಅಡುಗೆಮನೆಗೆ ಮಾತ್ರ ಯಾರೂ ಟೈಮಿಂಗ್ ಬದಲಾಯಿಸಲ್ಲ. ನನ್ನ ತಂಗಿ ಎಂಟು ತಿಂಗಳ ಬಸುರಿ ಇದ್ದಾಗ ಹನ್ನೊಂದು ಗಂಟೆಗೆ ಒಲೆ ಮುಂದೆ ಕೂತು ಮನೆ ಮಂದಿಗೆಲ್ಲಾ ಜೋಳದ ರೊಟ್ಟಿ ಬಡೀತಿದ್ಲು, ಮೇಲೆ ತಗಡು ಕಾದಿರೋದು, ಮುಂದೆ ಹಂಚು ಕಾದಿರೋದು, ಹಿಟ್ಟಿನ ಕೈಯಲ್ಲೇ ಬೆವರು ಒರೆಸ್ಕೊಂಡು ಹಣೆ ತುಂಬಾ ಬಿಳಿ ಗೆರೆ. ಕಾಲು ಊದ್ಯಾವ, ನೀರು ಕಮ್ಮಿ ಕುಡಿ ಅಂತ ಯಾರೋ ಹೇಳಿದ್ರಂತೆ, ಅದನ್ನೂ ನಂಬಿ ನೀರು ಕಮ್ಮಿ ಮಾಡಿದ್ಲು. ಒಂದಿನ ಫೋನ್ ಮಾಡಿ "ಅಕ್ಕಾ, ಹೊಟ್ಟಿ ಕಲ್ಲಾದಂಗ ಆಗ್ಲಿಕತ್ತದ" ಅಂದ್ಲು. 35 ವಾರಕ್ಕೇ ಹೆರಿಗೆ ಆಯ್ತು, ಕೂಸು 2 ಕೆಜಿ 100 ಗ್ರಾಂ.

ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಆ ಕೂಸಿನ ಅಂಗಾಲು ತಣ್ಣಗೆ. ತಿಂಗಳು ತುಂಬದೆ ಹುಟ್ಟಿದ ಮಕ್ಕಳ ಮೈಯಲ್ಲಿ ಕೊಬ್ಬು ಕಮ್ಮಿ, ಮೈಕಾವು ಉಳಿಸ್ಕೊಳ್ಳಕ್ಕೆ ಆಗಲ್ಲ, ಅದಕ್ಕೇ ಮೇ ತಿಂಗಳಲ್ಲಿ ಕುಲಾವಿ ಹಾಕಿ ತಾಯಿ ಎದೆಗೆ ಮೈಗೆ ಮೈ ತಾಗಿಸಿ ದಿನಗಟ್ಟಲೆ ಮಲಗಿಸಿದ್ವಿ.

ಬಿಸಿಲಿಂದಲೇ ಹಿಂಗಾಯ್ತು ಅಂತ ಒಂದು ಹೆರಿಗೆ ನೋಡಿ ಹೇಳಕ್ಕಾಗಲ್ಲ ಅಂದ್ರು ಡಾಕ್ಟರು, ಒಪ್ಪಿದೆ. ಆದ್ರೆ 2020ರಲ್ಲಿ ಬಿಎಂಜೆ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ 27 ದೇಶಗಳ 70 ಅಧ್ಯಯನ ಒಟ್ಟಿಗೆ ಹಾಕಿ ನೋಡಿದಾರೆ, ಉಷ್ಣಾಂಶ 1 ಡಿಗ್ರಿ ಏರಿದ್ರೆ ಅವಧಿಗೆ ಮುಂಚೆ ಹೆರಿಗೆ ಆಗೋ ಸಾಧ್ಯತೆ ಸುಮಾರು ಶೇ. 5 ಜಾಸ್ತಿ, ಬಿಸಿಗಾಳಿ ದಿನಗಳಲ್ಲಿ ಶೇ. 16. ಪಕ್ಕದ ತಮಿಳುನಾಡಲ್ಲಿ 800 ಬಸುರಿಯರನ್ನ ನೋಡಿದಾಗ ಸುಡೋ ಬಿಸಿಯಲ್ಲಿ ದುಡಿಯೋರಿಗೆ ಗರ್ಭಪಾತದ ಅಪಾಯ ಹೆಚ್ಚುಕಮ್ಮಿ ಎರಡರಷ್ಟು. ಮೈ ತಂಪು ಮಾಡ್ಕೊಳ್ಳೋಕೆ ರಕ್ತ ಚರ್ಮದ ಕಡೆ ಹರಿಯುತ್ತೆ, ಹೊಟ್ಟೆಯೊಳಗಿನ ಕೂಸಿಗೆ ಪೋಷಣೆ ಕೊಡೋ ಮಾಸಿನ ಕಡೆ ಕಮ್ಮಿಯಾಗುತ್ತೆ, ಮೇಲೆ ಮೈಯಲ್ಲಿ ನೀರೂ ಬತ್ತಿದ್ರೆ ಗರ್ಭಕೋಶ ಬಿಗಿಯೋಕೆ ಶುರು ಮಾಡಬಹುದು. ತಂಗಿ ಹೇಳಿದ "ಕಲ್ಲಾದಂಗ" ಅಂದ್ರೆ ಅದೇ ಬಿಗಿತ.

"ನಾವು ಹೊಲದಾಗ ದುಡಕೋತ ಹಡೆದೀವಿ" ಅಂತಾರೆ ಹಿರಿಯರು. ಹೌದು, ನಮ್ಮಜ್ಜಿ ಒಂಬತ್ತು ಹಡೆದು ಐದು ಉಳಿಸ್ಕೊಂಡ್ಲು, ಉಳಿದ ನಾಲ್ಕರ ಮಾತು ಯಾರೂ ಎತ್ತಲ್ಲ, ನಂಗೆ ಅದು ಸಂಕಟ.

ಈ ವರ್ಷ ನಮ್ಮ ಓಣಿಯಲ್ಲಿ ಇನ್ನೊಬ್ಬ ಹುಡುಗಿಗೆ ಆರು ತಿಂಗಳು. ಅವರತ್ತೆ ಹತ್ರ ಕೂತು ಇದನ್ನೆಲ್ಲಾ ಹೇಳಿದೆ, ಪುಣ್ಯಕ್ಕೆ ಕೇಳಿದ್ರು. ತಗಡಿನ ಮೇಲೆ ಸುಣ್ಣ ಬಳಿಸಿದಾರೆ, ಈಗ ರೊಟ್ಟಿ ಸಪ್ಪಳ ಬೆಳಗ್ಗೆ ಆರಕ್ಕೇ ಕೇಳುತ್ತೆ, ಬಡಿಯೋದು ಅತ್ತೆ.