"ಏಳಲು ಬಿಡುವುದೇ ಇಲ್ಲ"

ಸೋಮವಾರದಿಂದ ನನ್ನದೇ ಒಂದು ಮಾತು ನನ್ನನ್ನು ಕಾಡುತ್ತಿದೆ. ಅಮ್ಮನ ಎಡಮಂಡಿಯ ನೋವಿಗೆಂದು ಫಿಸಿಯೋಥೆರಪಿಸ್ಟ್ ಬಳಿ ಹೋಗಿದ್ದಾಗ ಅವರು, "ದಿನಕ್ಕೆ ಎಷ್ಟು ಸಲ ಕುರ್ಚಿಯಿಂದ ಏಳುತ್ತಾರೆ?" ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ, "ಅಮ್ಮನನ್ನು ನಾವು ಏಳಲು ಬಿಡುವುದೇ ಇಲ್ಲ" ಎಂದೆ. ಅವರು ಮರುಮಾತಾಡದೆ ಅಮ್ಮನನ್ನು ಕನ್ನಡಿಯ ಮುಂದೆ ಎಡಗಾಲಿನ ಮೇಲೆ ನಿಲ್ಲಿಸಿದರು.

ಬಲಗಾಲು ನೆಲ ಬಿಟ್ಟ ಕೂಡಲೇ ಸೊಂಟದ ಬಲಭಾಗ ಕೆಳಕ್ಕೆ ಜಾರಿತು. ಬೀಳದಿರಲು ಅಮ್ಮ ಎಡಕ್ಕೆ ವಾಲಿದರು. ನೋವಿರುವ ಮಂಡಿ ಒಳಮುಖವಾಗಿ ತಿರುಗಿತು. 1895ರಲ್ಲಿ ಜರ್ಮನಿಯ ಶಸ್ತ್ರವೈದ್ಯ ಟ್ರೆಂಡೆಲೆನ್‌ಬರ್ಗ್ ವಿವರಿಸಿದ ಲಕ್ಷಣವಂತೆ ಇದು. ಪೃಷ್ಠದ ಪಕ್ಕದಲ್ಲಿರುವ ಗ್ಲೂಟಿಯಸ್ ಮೀಡಿಯಸ್ ಎಂಬ ಸ್ನಾಯು ಬಲವಾಗಿದ್ದರೆ, ನಾವು ಒಂಟಿಕಾಲಿನ ಮೇಲಿರುವಾಗ ಸೊಂಟವನ್ನು ಮಟ್ಟಸವಾಗಿ ಹಿಡಿದಿಡುತ್ತದೆ. ನಡಿಗೆಯ ಬಹುಪಾಲು ಸಮಯ ನಾವು ಇರುವುದೇ ಒಂಟಿಕಾಲಿನ ಮೇಲೆ; ಹಾಗಾಗಿ ಅದು ಸೋತರೆ ಪ್ರತಿ ಹೆಜ್ಜೆಯಲ್ಲೂ ತೊಡೆಮೂಳೆ ಒಳಕ್ಕೆ ಹೊರಳಿ, ಮಂಡಿಯ ಮೇಲೆ ಬೇಡದ ಒತ್ತಡ ಬೀಳುತ್ತದೆ. ಎಂಟು ತಿಂಗಳಿಂದ ನಾವು ಮಂಡಿಗೆ ಮಾತ್ರ ಎಣ್ಣೆ ಹಚ್ಚುತ್ತಿದ್ದೆವು.

ದೇಹದ ಸ್ನಾಯುಗಳಲ್ಲೆಲ್ಲ ಅತಿ ದೊಡ್ಡದಾದ ಗ್ಲೂಟಿಯಸ್ ಮ್ಯಾಕ್ಸಿಮಸ್ ಇರುವುದೂ ಅಲ್ಲಿಯೇ. ಸಮತಟ್ಟಾದ ನೆಲದ ನಡಿಗೆಯಲ್ಲಿ ಅದಕ್ಕೆ ಹೆಚ್ಚು ಕೆಲಸವಿಲ್ಲ. ಕುರ್ಚಿಯಿಂದ ಏಳುವಾಗ, ಮೆಟ್ಟಿಲು ಹತ್ತುವಾಗ, ಬಗ್ಗಿ ಭಾರ ಎತ್ತುವಾಗ ಅದು ಮೈಯನ್ನು ಮೇಲಕ್ಕೆ ತಳ್ಳುತ್ತದೆ. ಅದು ಗಟ್ಟಿಯಾಗಿದ್ದರೆ ಬೆನ್ನಿನ ಕೆಳಭಾಗದ ಮೇಲೆ ಬೀಳುವ ಭಾರವೂ ಹಗುರಾಗುತ್ತದೆ. ನಾವು ಪ್ರೀತಿಯಿಂದ ಅಮ್ಮನಿಂದ ಕಿತ್ತುಕೊಂಡದ್ದು ಅದೇ ಕೆಲಸಗಳನ್ನು. "ನೀವು ಕೂತಿರಿ, ನಾನು ತರುತ್ತೇನೆ" ಎಂದು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಚಿಕ್ಕಪ್ಪನವರಂತೂ ಯಾರ ಯಾವ ನೋವಿಗೂ ವಿಶ್ರಾಂತಿಯನ್ನೇ ಸೂಚಿಸುವವರು. ಅವರ ಕಳಕಳಿ ನಿಜವಾದುದು, ಸಲಹೆ ಮಾತ್ರ ತಪ್ಪು ಎಂದು ಈಗ ನಿಸ್ಸಂಕೋಚವಾಗಿ ಹೇಳುತ್ತೇನೆ.

ಕೊಟ್ಟಿರುವ ವ್ಯಾಯಾಮಗಳು ಸರಳವಾಗಿವೆ: ಅಂಗಾತ ಮಲಗಿ ಮಂಡಿ ಮಡಚಿ, ಪೃಷ್ಠವನ್ನು ಬಿಗಿಹಿಡಿದು ಸೊಂಟವನ್ನು ಮೇಲೆತ್ತುವುದು, ಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ನಿಧಾನವಾಗಿ ಎತ್ತಿ ಇಳಿಸುವುದು, ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದು. ಮೊದಲ ದಿನ ಅಮ್ಮನಿಗೆ ಕಷ್ಟವಾದದ್ದು ಸೊಂಟ ಎತ್ತುವುದು. ತೊಡೆಯ ಹಿಂಭಾಗ ಸೆಟೆದುಕೊಳ್ಳುತ್ತಿತ್ತೇ ಹೊರತು ಪೃಷ್ಠಕ್ಕೆ ಬಿಗಿ ಬರುತ್ತಲೇ ಇರಲಿಲ್ಲ. ಥೆರಪಿಸ್ಟ್ ಅಮ್ಮನ ಹಿಮ್ಮಡಿಗಳನ್ನು ಪೃಷ್ಠಕ್ಕೆ ಸ್ವಲ್ಪ ಹತ್ತಿರ ಸರಿಸಿ, "ಅಮ್ಮಾ, ಹಿಮ್ಮಡಿಯಿಂದ ನೆಲವನ್ನು ಒತ್ತಿ" ಎಂದು ಮೆಲ್ಲನೆ ಹೇಳಿದಾಗ ಅಮ್ಮನ ಮುಖ ಬದಲಾಯಿತು. "ಹಾಂ, ಇಲ್ಲಿ ಬಂತು" ಎಂದರು. ನನ್ನನ್ನು ಒಂದು ಮಾತೂ ಅನ್ನದೆ ಅಷ್ಟು ತಾಳ್ಮೆಯಿಂದ ಕಲಿಸಿದ ಆಕೆಯ ಮೇಲೆ ನನಗೆ ಅಪಾರ ಗೌರವ ಮೂಡಿದೆ.

ಫಲ ಕಾಣಲು ವಾರಗಳೇ ಬೇಕು, ನಮಗೆ ಅವಸರವಿಲ್ಲ. ನಿನ್ನೆ ಸಂಜೆ ಅಮ್ಮನಿಗೆ ಬಾಯಾರಿಕೆಯಾದಾಗ ನಾನು ಅಭ್ಯಾಸಬಲದಿಂದ ಅರ್ಧ ಎದ್ದೆ. ಅವರು ಕೈಸನ್ನೆಯಿಂದ ನನ್ನನ್ನು ತಡೆದು, ಪಾದಗಳನ್ನು ಹಿಂದಕ್ಕೆಳೆದು, ಮುಂದಕ್ಕೆ ಬಾಗಿ, ಎರಡನೆಯ ಪ್ರಯತ್ನದಲ್ಲಿ ಎದ್ದು ನಿಂತರು.