ಹೆಗಲಿನ ಹಿಂಭಾಗಕ್ಕೆ ಕೆಟಲ್‌ಬೆಲ್ ರೋ: ಏಳನೇ ವಾರ

ರೋ ಅಂದರೆ ಬಗ್ಗಿ ನಿಂತು ಭಾರವನ್ನು ಮೈಯ ಕಡೆ ಎಳೆಯುವುದು. ಈ ವಾರ 12 ಕೆಜಿ ಕೆಟಲ್‌ಬೆಲ್ಲನ್ನು, ಅಂದರೆ ಹಿಡಿ ಇರುವ ಕಬ್ಬಿಣದ ಗುಂಡನ್ನು, ಬಲಗೈಲಿ ಒಂಬತ್ತು ಸಲ ಎಳೆದೆ. ಎಡಗೈ ಏಳಕ್ಕೆ ನಿಂತಿತು.

ಮೊದಲ ಎರಡು ವಾರ 16 ಕೆಜಿ ಎತ್ತುತ್ತಿದ್ದೆ. ಮೊಳಕೈ ಪಕ್ಕೆಗೆ ಒತ್ತಿ, ಸೊಂಟದ ಕಡೆಗೆ ಎಳೆತ. ಮರುದಿನ ನೋವೆಲ್ಲ ಕಂಕುಳ ಕೆಳಗೆ, ಬೆನ್ನಿನ ಅಗಲ ಸ್ನಾಯುವಿನಲ್ಲಿ. ನನಗೆ ಬೇಕಾಗಿದ್ದ ಜಾಗ ಹಾಗೇ ತಣ್ಣಗಿತ್ತು. ಚಿಕ್ಕಂದಿನಿಂದ ತಾಲೀಮಿನಲ್ಲಿ ದಂಡ ಹೊಡೆದವನು ನಾನು. ದಂಡದಿಂದ ಎದೆ, ಹೆಗಲಿನ ಮುಂಭಾಗ ಗಟ್ಟಿಯಾಗುತ್ತವೆ, ಆದರೆ ಅದರಲ್ಲಿ ಎಳೆತವೇ ಇಲ್ಲ. ಅದರ ಮೇಲೆ ದಾಲ್ ಮಿಲ್ಲಿನಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಬಿಲ್ಲಿನ ಕೆಲಸ. ತೊಗರಿ ಸುಗ್ಗಿ ಮುಗಿಯುವಷ್ಟರಲ್ಲಿ ಹೆಗಲು ಮುಂದಕ್ಕೆ ಬಾಗಿರುತ್ತದೆ.

ಮೂರನೇ ವಾರ 8 ಕೆಜಿಗೆ ಇಳಿದೆ. ಎಡ ಅಂಗೈ ಮಂಚದ ಮೇಲೆ ಊರಿ, ಬೆನ್ನು ನೆಟ್ಟಗಿಟ್ಟು ಬಗ್ಗಿ, ಬಲ ಮೊಳಕೈಯನ್ನು ಪಕ್ಕೆಯಿಂದ ದೂರಕ್ಕೆ ಒಯ್ದು ಎದೆಯ ಮಟ್ಟಕ್ಕೆ ಎಳೆದೆ. ಅಂಗೈ ಕಾಲಿನ ಕಡೆ ತಿರುಗಿರಬೇಕು, ಆಗ ಮೊಳಕೈ ತಾನಾಗಿ ಹೊರಗೆ ಹೋಗುತ್ತದೆ. ಹೆಗಲಿನ ಹಿಂದಿನ ಸ್ನಾಯು ಬೆನ್ನಿನ ರೆಕ್ಕೆ ಎಲುಬಿನಿಂದ ಹೊರಟು ರಟ್ಟೆಯ ಎಲುಬಿಗೆ ಅಂಟಿಕೊಂಡಿದೆ. ತೋಳನ್ನು ಅಗಲಿಸಿ ಹಿಂದಕ್ಕೆ ಒಯ್ಯುವುದೇ ಅದರ ಕೆಲಸ. ಐದನೇ ಎಳೆತಕ್ಕೇ ಅಲ್ಲಿ ಉರಿ ಹತ್ತಿತು. ಅಷ್ಟು ಹಗುರ ಕಬ್ಬಿಣ ಅಷ್ಟು ಸುಸ್ತು ಮಾಡೀತು ಅಂದುಕೊಂಡಿರಲಿಲ್ಲ.

8ರಿಂದ 12ಕ್ಕೆ ಜಿಗಿಯುವುದೇ ಕಷ್ಟ, ಒಮ್ಮೆಗೇ ಅರ್ಧದಷ್ಟು ಭಾರ ಹೆಚ್ಚಾಗುತ್ತದೆ. ಹಾಗಾಗಿ 8 ಕೆಜಿಯಲ್ಲೇ ಹದಿನೈದು ಎಳೆತದವರೆಗೆ ಹೋದೆ. ಮೇಲೆ ಒಂದು ಕ್ಷಣ ತಡೆದು, ಇಳಿಸುವಾಗ ಮನಸ್ಸಿನಲ್ಲೇ ಮೂರು ಎಣಿಸಿದೆ. ಆರನೇ ವಾರ 12 ಹಿಡಿದಾಗ ಕುತ್ತಿಗೆ ಬಿಗಿಯಾಯಿತು. ಹೆಗಲನ್ನು ಕಿವಿಯ ಕಡೆ ಎತ್ತುತ್ತಿದ್ದೆ ಅಂತ ಮೊಬೈಲಿನಲ್ಲಿ ಚಿತ್ರೀಕರಿಸಿ ನೋಡಿದ ಮೇಲೆ ತಿಳಿಯಿತು.

ಕಲಬುರಗಿಯ ಬೇಸಿಗೆಯಲ್ಲಿ ಬಿಸಿಲೇರಿದರೆ ಮಾಳಿಗೆ ಮೇಲೆ ನಿಲ್ಲಲಾಗದು, ಅದಕ್ಕೆ ಪಡಸಾಲೆಯಲ್ಲೇ ಮಾಡುತ್ತೇನೆ. "ಯಪ್ಪಾ, ಮುಂಜಾನೆದ್ದು ಅದೇನ್ ಧಡ್ ಧಡ್ ಮಾಡ್ಲಕತ್ತಿ? ಫರಸಿ ಒಡಿತದ ನೋಡು" ಅಂದಳು ಅವ್ವ. ಶಹಾಬಾದ್ ಕಲ್ಲಿನ ನೆಲ, ಅವಳ ಮಾತು ನಿಜ. ಈಗ ತೊಗರಿಯ ಖಾಲಿ ಚೀಲ ನಾಲ್ಕು ಮಡಿಕೆ ಹಾಸುತ್ತೇನೆ.

ಮುಂದಿನ ವಾರದಿಂದ ಎಡಗೈಯೇ ಮೊದಲು. ಅದು ಎಷ್ಟು ಎಳೆಯುತ್ತದೋ ಬಲಗೈಯೂ ಅಷ್ಟೇ, ಒಂದೂ ಹೆಚ್ಚಿಲ್ಲ.